ಕತ್ತು ತಿರುಗಿಸದ ಅರಸ

ದ್ಯಾವಪ್ಪನವರನ್ನು ಹಿಂದಿನಿಂದ ಯಾರಾದರೂ ಕರೆದರೆ ಅವರು ಕತ್ತು ತಿರುಗಿಸುತ್ತಿರಲಿಲ್ಲ, ತಾವೇ ತಿರುಗುತ್ತಿದ್ದರು. ಮೊದಲು ನಡಿಗೆ ನಿಲ್ಲುತ್ತಿತ್ತು, ಆಮೇಲೆ ಬಲಗಾಲು ಒಂದಿಷ್ಟು ಸರಿಯುತ್ತಿತ್ತು, ಅದರ ಹಿಂದೆ ಸೊಂಟ, ಸೊಂಟದ ಹಿಂದೆ ಎದೆ, ಎದೆಯ ಮೇಲೆ ಅಚಲವಾಗಿ ಕೂತ ಆ ದೊಡ್ಡ ಮುಖ, ಹೀಗೆ ಇಡೀ ಮನುಷ್ಯ ಮೆರವಣಿಗೆಯ ಗತ್ತಿನಲ್ಲಿ ನಮಗೆ ಅಭಿಮುಖರಾಗಿ, “ಏನ್ರಿ ಅಕ್ಕಾವ್ರ?” ಎಂದು ಕೇಳುವ ಹೊತ್ತಿಗೆ ನಾನು ಕರೆದದ್ದೇಕೆಂಬುದೇ ನನಗೆ ಮರೆತುಹೋಗಿರುತ್ತಿತ್ತು. ಹೈದರಾಬಾದಿನ ಉಪ್ಪಲ್ ಕಡೆಯ ನಮ್ಮ ಕಾಲೋನಿಯಲ್ಲಿ ಈ ತಿರುಗುವಿಕೆಗೆ ದೊಡ್ಡ ಹೆಸರು. ತರಕಾರಿ ಗಾಡಿಯವನು ಕೂಡ ಅವರು ಬರುವುದನ್ನು ಕಂಡರೆ, “ರಾಜುಗಾರು ವಸ್ತುನ್ನಾರು, ಜರಗಂಡಿ”, ಎಂದರೆ ಅರಸರು ಬರುತ್ತಿದ್ದಾರೆ, ಸರಿಯಿರಿ ಎಂದು ಗಿರಾಕಿಗಳನ್ನು ಬದಿಗೆ ಸರಿಸಿ ದಾರಿ ಮಾಡಿಕೊಡುತ್ತಿದ್ದ.

ಮುಧೋಳದ ಕಡೆಯ ಮನುಷ್ಯ. ಹರೆಯದಲ್ಲಿ ಇಲ್ಲಿನ ರಕ್ಷಣಾ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆಂದು ಬಂದು, ನಿವೃತ್ತಿಯಾಗುವವರೆಗೂ ಮಸೂರದ ಮೇಲೆ ಬಗ್ಗಿ, ಲೋಹದ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳನ್ನು ಹುಡುಕುತ್ತ ಕಣ್ಣು, ಕತ್ತು ಎರಡನ್ನೂ ಸವೆಸಿದವರು. ಅದು ಅವರ ಹೊಟ್ಟೆಪಾಡಿನ ಮಾತಾಯಿತು. ಅವರ ನಿಜವಾದ ಉದ್ಯೋಗ ಅರಸುತನ. ಊರಿನಲ್ಲಿ ಕಲಿತ ದೊಡ್ಡಾಟವನ್ನು, ಎಂದರೆ ಕನ್ನಡಿ ಚೂರುಗಳು ಹೊಳೆಯುವ ಎತ್ತರದ ಕಿರೀಟ, ಹೆಗಲಿನಾಚೆ ಹರಡಿದ ಭುಜಕೀರ್ತಿ, ಮದ್ದಳೆಯ ಪೆಟ್ಟಿಗೆ ನೆಲ ನಡುಗಿಸುವ ಕುಣಿತ ಎಲ್ಲ ಕೂಡಿದ ಆ ಅಬ್ಬರದ ಆಟವನ್ನು, ಹೈದರಾಬಾದಿಗೆ ತಂದು, ಕಾಲೋನಿಯ ಕನ್ನಡಿಗರನ್ನೆಲ್ಲ ಗುಡ್ಡೆಹಾಕಿ, ವರ್ಷಕ್ಕೊಮ್ಮೆ ಸಂಕ್ರಾಂತಿಯ ಹಿಂಚುಮುಂಚಿನ ಭಾನುವಾರದ ಸಂಜೆ ಸಭಾಭವನದ ಅಂಗಳದಲ್ಲಿ ಆಡಿಸುತ್ತ ಬಂದಿದ್ದಾರೆ. ಕಥೆ ನಾವೇ ಕೂತು ಹೆಣೆದದ್ದು: ವಜ್ರಸೇನನೆಂಬ ಅರಸ ಕೋಪದಲ್ಲಿ ಮಗಳನ್ನು ಅಡವಿಗೆ ಅಟ್ಟುತ್ತಾನೆ, ಕೊನೆಯಲ್ಲಿ ಆ ಮಗಳು ತಾನಾಗಿ ಮರಳಿ ಬಂದು ಆಸ್ಥಾನದಲ್ಲಿ ನಿಲ್ಲುತ್ತಾಳೆ. ವಜ್ರಸೇನ ಪ್ರತಿವರ್ಷವೂ ದ್ಯಾವಪ್ಪನವರೇ. ನಾನು ಉಷಾ, ಮೈಸೂರಿನವಳು, ಕಾಲೋನಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕುಣಿತ ಬಾರದು, ಹಾಡು ಬಾರದು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಆದ್ದರಿಂದ ನನ್ನನ್ನು ರಂಗದ ಎಡಬದಿಯ ಪರದೆಯ ಸಂದಿಯಲ್ಲಿ ನಿಲ್ಲಿಸಿ, ಮಾತು ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ ಕೊಟ್ಟಿದ್ದಾರೆ.

ಹೈದರಾಬಾದಿನ ಚಳಿ ದೆಹಲಿಯ ಚಳಿಯಂತೆ ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನವೆಲ್ಲ ಬೆವರು, ಬೆಳಿಗ್ಗೆ ಹಾಲು ತರಲು ಹೊರಟರೆ ಕಿವಿ ಕಚ್ಚುವ ಗಾಳಿ. ದೀಪಾವಳಿಯ ಪಟಾಕಿ ಸದ್ದು ಅಡಗುವುದೇ ತಡ, ದ್ಯಾವಪ್ಪನವರು ಈ ಶತ್ರುವಿನ ವಿರುದ್ಧ ಕೋಟೆ ಕಟ್ಟಿಕೊಳ್ಳಲು ಶುರುಮಾಡುತ್ತಿದ್ದರು. ಮೊದಲು ಹಣೆಗೆ ಒಂದು ಬಟ್ಟೆಯ ಪಟ್ಟಿ, ಅದೂ ಹುಬ್ಬು ಮೇಲೇರುವಷ್ಟು ಬಿಗಿಯಾಗಿ. ಅದರ ಮೇಲೆ ಮಂಕಿ ಟೋಪಿ. ಅದರ ಮೇಲೆ ಮಫ್ಲರು, ಎರಡು ಸುತ್ತು ಸುತ್ತಿ ಗಂಟು. ಇವೆಲ್ಲಕ್ಕೂ ಮೇಲೆ ಕಾರ್ಖಾನೆಯವರು ಎಂದೋ ಕೊಟ್ಟ ನೀಲಿ ಉಣ್ಣೆಯ ಕೋಟು, ಕಾಲರನ್ನು ಎತ್ತಿ ನಿಲ್ಲಿಸಿ, ಹೆಗಲುಗಳನ್ನು ಕಿವಿಯ ತನಕ ಏರಿಸಿಕೊಂಡ ಭಂಗಿಯಲ್ಲಿ. “ಥಂಡಿ ಒಮ್ಮೆ ತಲಿಯಾಗ ಹೊಕ್ಕಿತಂದ್ರ ಸಂಕ್ರಾಂತಿತನಕಾ ಹೊರಗ ಬರಾಂಗಿಲ್ರಿ ಅಕ್ಕಾವ್ರ” ಎಂಬುದು ಅವರ ಸಿದ್ಧಾಂತ. ತಮಾಷೆಯೆಂದರೆ ಇಷ್ಟೆಲ್ಲ ಕೋಟೆ ಕಟ್ಟಿಕೊಂಡ ಮನುಷ್ಯ ಮನೆಯಲ್ಲಿ ಮಲಗುವಾಗ ತಲೆಯ ಮೇಲೆ ಫ್ಯಾನನ್ನು ಗಿರ್ರನೆ ತಿರುಗಿಸಿಕೊಂಡೇ ಮಲಗುತ್ತಿದ್ದರು. ಸೊಳ್ಳೆಗೆ ಹೆದರಿ ಚಳಿಗಾಲದಲ್ಲೂ ಫ್ಯಾನು ಹಾಕಿಕೊಳ್ಳುವುದು ನಮ್ಮ ಕಾಲೋನಿಯ ಸನಾತನ ಸಂಪ್ರದಾಯ, ನಾನೂ ಅದಕ್ಕೆ ಹೊರತಲ್ಲ ಬಿಡಿ. ಜೊತೆಗೆ ಒಂದರ ಮೇಲೊಂದು ಗಟ್ಟಿ ದಿಂಬು, ಹಣೆಗೆ ಮುಲಾಮು. ಅವರ ಮನೆ ಯಾವುದೆಂದು ಹೊಸಬರು ಕೇಳಿದರೆ, ಮುಲಾಮಿನ ವಾಸನೆ ಹಿಡಿದು ಹೋಗಿ ಎಂದು ನಾನು ಹೇಳುತ್ತಿದ್ದೆ.

ಈ ಬಿಗಿತವನ್ನು ನಾವೆಲ್ಲ ಏನೆಂದು ತಿಳಿದಿದ್ದೆವು ಗೊತ್ತೆ? ರಾಜಗಾಂಭೀರ್ಯವೆಂದು! ಮೂವತ್ತು ವರ್ಷ ಅರಸನ ವೇಷ ಹಾಕಿ ಹಾಕಿ ಆ ಗತ್ತು ಮೈಗೆ ಇಳಿದುಬಿಟ್ಟಿದೆ, ಕಿರೀಟ ತೆಗೆದರೂ ಕಿರೀಟವಿದ್ದಂತೆಯೇ ನಡೆಯುತ್ತಾರೆ ಎಂದು ಬಾಯಿ ತುಂಬ ಹೊಗಳಿದ್ದೇ ಹೊಗಳಿದ್ದು. ಇದೇ ಊರಿನ ಮಾದಾಪುರದಲ್ಲಿ ಇಂಜಿನಿಯರಾಗಿರುವ, ನಮ್ಮ ಆಟದಲ್ಲಿ ಮಂತ್ರಿಯಾಗುವ ಕೌಶಲ್ ಎಂಬ ನಮ್ಮ ಮೈಸೂರಿನ ಹುಡುಗನಂತೂ ಆ ನಿಲುವನ್ನು ಎಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದನೆಂದರೆ, ಮೆಟ್ರೋದಲ್ಲಿ ಪಕ್ಕದವನು ಸ್ಟೇಷನ್ ಯಾವುದೆಂದು ಕೇಳಿದರೂ ಇಡೀ ದೇಹವನ್ನೇ ತಿರುಗಿಸಿ ಉತ್ತರ ಕೊಡುತ್ತಿದ್ದನಂತೆ. ಹೊಗಳಿಕೆ ಕೇಳಿ ಕೇಳಿ ದ್ಯಾವಪ್ಪನವರಿಗೂ ಅದು ನಿಜವೆನ್ನಿಸಿರಬೇಕು. ಒಳಗೆ ನರ ಹಿಂಡುವ ನೋವು, ಹೊರಗೆ ಅರಸನ ಠೀವಿ. ಎರಡರ ನಡುವೆ ಗೆರೆ ಎಲ್ಲಿದೆಯೆಂದು ಅವರಿಗೂ ಗೊತ್ತಾಗದ ಹಾಗೆ ಆಗಿಹೋಗಿತ್ತು.

ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಅವರ ಹೆಂಡತಿ ಗದಿಗೆಮ್ಮನಿಗೆ. ಗದಿಗೆಮ್ಮ ಮಾತು ಕಡಿಮೆಯ ಹೆಂಗಸು. ಆಡಿದರೆ ಒಂದೇ ಮಾತು, ಅದರ ಮೇಲೆ ಇನ್ನೊಂದು ಮಾತು ಆಡಲು ಎದುರಿನವರಿಗೆ ಉಳಿದಿರುವುದಿಲ್ಲ. ಆಟದ ದಿನ ಆಕೆ ಕೂರುವ ಜಾಗ ನಿಗದಿ: ರಂಗದ ಎಡಕ್ಕೆ ಹೆಂಗಸರ ಚಾಪೆಯ ತುದಿ, ನಾನು ನಿಲ್ಲುವ ಪರದೆಯ ಬುಡ, ಮಡಿಲಲ್ಲಿ ಗಂಡನಿಗೆಂದು ತಂದ ಶುಂಠಿ ಚಹಾದ ಥರ್ಮಾಸು. ಆಟ ಮುಗಿದು ಬಣ್ಣ ತೊಳೆಯುವಾಗ ದ್ಯಾವಪ್ಪನವರು ಪ್ರತಿವರ್ಷ ಕೇಳುವ ಪ್ರಶ್ನೆಯೂ ನಿಗದಿ. “ನೀ ಎಲ್ಲಿ ಕುಂತಿದ್ದಿ? ಕಾಣಲಿಲ್ಲಲ್ಲ?” ಆಕೆ “ಅದ ಜಾಗಾದಾಗ” ಎನ್ನುತ್ತಿದ್ದಳು, ಥರ್ಮಾಸಿನ ಮುಚ್ಚಳ ತೆಗೆಯುತ್ತಿದ್ದಳು. ನಾವು ನಗುತ್ತಿದ್ದೆವು. ಅರಸರು ಪ್ರಜೆಗಳ ಕಡೆ ನೋಡುವುದುಂಟೇ ಎಂದು ನಾನೇ ಕುಚೋದ್ಯ ಮಾಡಿದ್ದೇನೆ.

ಕಳೆದ ಸಂಕ್ರಾಂತಿಯ ಆಟ ಭರ್ಜರಿಯಾಗಿ ನಡೆಯಿತು, ಚಪ್ಪಾಳೆ ಮುಗಿಲು ಮುಟ್ಟಿತು, ಆದರೆ ಮರುದಿನ ಅರಸರು ಏಳಲಿಲ್ಲ. ಕಿಟಕಿಗೆ ಕಂಬಳಿ ಹೊದಿಸಿ, ಕತ್ತಲು ಮಾಡಿಕೊಂಡು, ತಲೆ ಹಿಡಿದುಕೊಂಡು ಮಲಗಿಬಿಟ್ಟರು. ಬೆಳಕು ಬಿದ್ದರೆ ನೋವು, ಸದ್ದಾದರೆ ನೋವು, ಕತ್ತು ಮರದ ಕೊರಡು. ಕಾಲೋನಿಯವರೆಲ್ಲ ಸಭಾಭವನದಲ್ಲಿ ಕೂತು ಆಟದ ವಿಡಿಯೋ ನೋಡಿ ಹಿಗ್ಗುತ್ತಿದ್ದಾಗ ಗದಿಗೆಮ್ಮ ಒದ್ದೆ ಬಟ್ಟೆ ಬದಲಿಸುತ್ತ ಗಂಡನ ತಲೆದೆಸೆಯಲ್ಲಿ ಕೂತಿದ್ದಳು. ಆ ವಾರ ಕಳೆದು ಅವರು ಎದ್ದು ಓಡಾಡುವಂತಾದ ಮೇಲೆ ನಾನು ನೋಡಲು ಹೋದಾಗ, ಆಕೆ ನನ್ನೆದುರಿಗೇ ಗಂಡನಿಗೆ ಹೇಳಿದಳು: “ಬರೋ ವರ್ಷ ಹಿಂಗ ನೋವು ಇಟ್ಕೊಂಡ ಕಿರೀಟ ಕಟ್ಟಿದ್ರಂದ್ರ, ನಾ ಆಟಕ್ಕ ಬರಾಂಗಿಲ್ಲ.” ದ್ಯಾವಪ್ಪನವರು ನಕ್ಕು ಹಾರಿಸಲು ನೋಡಿದರು. ಗದಿಗೆಮ್ಮ ನಗಲಿಲ್ಲ. ಆಕೆ ಬಾರದ ಆಟವನ್ನು ಅವರು ಒಮ್ಮೆಯೂ ಆಡಿದವರಲ್ಲ.

ನವೆಂಬರು ಹತ್ತಿರವಾದಂತೆ ಕತ್ತು ಮತ್ತೆ ಹಿಡಿಯತೊಡಗಿತು. ಡಾಕ್ಟರು ಬಿಪಿ ನೋಡಿ, ಎಕ್ಸ್‌ರೇ ತೆಗೆಸಿ, ಹೆದರುವಂಥದ್ದೇನೂ ಇಲ್ಲ, ಕತ್ತಿನ ಹೆಗಲಿನ ಸ್ನಾಯುಗಳು ಬಿಗಿದು ಬರುವ ತಲೆನೋವು, ಮಾತ್ರೆಗಿಂತ ಅಭ್ಯಾಸ ಬದಲಿಸಬೇಕು ಎಂದು ಹೇಳಿ ಕಳಿಸಿದರು. ಆಗ ಕಾಲಿಟ್ಟವಳು ಸಂಯುಕ್ತಾ. ಕಲಬುರ್ಗಿಯ ಹುಡುಗಿ, ಸಿಕಂದರಾಬಾದಿನಲ್ಲಿ ಫಿಸಿಯೋಥೆರಪಿಸ್ಟು, ನಮ್ಮ ಕಾಲೋನಿಯಲ್ಲೇ ಬಾಡಿಗೆಗಿದ್ದಾಳೆ. ಬಾಯಿಯಲ್ಲಿ ನನಗೇ ಸವಾಲು ಹಾಕುವಂಥವಳು. ಬಂದವಳೇ ಅರಸರನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಟೋಪಿ ತೆಗೆಸಿ, ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

“ಕಾಕಾ, ಇದನ್ಯಾಕ ಕಟ್ಟೀರಿ?”

“ತಲಿ ನೋಯಬಾರ್ದಂತ.”

“ತಲಿ ನೋಯಾಕತ್ತಿದ್ದ ಇದರಿಂದ ರೀ. ಮತ್ತ ದವಡಿ ಸಡಿಲ ಬಿಡ್ರಿ, ಯಾರನ್ನ ಕಡಿಯಾಕ ಹೊಂಟೀರಿ?”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ದ್ಯಾವಪ್ಪನವರು ಹಲ್ಲು ಕಚ್ಚಿಕೊಂಡೇ ಬದುಕುತ್ತಿದ್ದಾರೆಂದು, ಚಳಿ ಬಂದೊಡನೆ ಹೆಗಲನ್ನು ಕಿವಿಗೇರಿಸಿದವರು ಫೆಬ್ರವರಿಯವರೆಗೆ ಇಳಿಸುವುದೇ ಇಲ್ಲವೆಂದು ಆವತ್ತಿನವರೆಗೆ ಯಾರೂ ಗಮನಿಸಿರಲಿಲ್ಲ. ಫ್ಯಾನಿನ ಸುದ್ದಿ ತಿಳಿದಾಗ ಸಂಯುಕ್ತಾ ಹಣೆ ಚಚ್ಚಿಕೊಂಡಳು. “ಮಂಗ್ಯಾನ ಟೊಪಗಿ ಹಾಕ್ಕೊಂಡು ಫ್ಯಾನ್ ಕೆಳಗ ಮಲಗೋರು ಜಗತ್ತಿನಾಗ ನೀವೊಬ್ರ ನೋಡ್ರಿ ಕಾಕಾ.” ಅವರು ಗುಂಗಾಡದ, ಎಂದರೆ ಸೊಳ್ಳೆಯ, ಕಾಟ ಹೇಳಿದರು. “ಪರದಿ ಕಟ್ಟಿಸ್ರಿ” ಎಂದಳು. ಹೀಗೆ ಅರಸರ ಕೋಟೆಯನ್ನು ಅವಳು ಒಂದೊಂದೇ ಕಲ್ಲು ಕಿತ್ತು ಬೇರೆ ರೀತಿ ಕಟ್ಟಿದಳು. ಫ್ಯಾನು ಹೋಗಿ ಸೊಳ್ಳೆಪರದೆ ಬಂತು. ಎತ್ತರದ ದಿಂಬು ಹೋಗಿ ತೆಳುವಾದದ್ದು ಬಂತು. ಮಫ್ಲರು ಇರಲಿ, ಆದರೆ ಗಂಟು ಬೇಡ, ಒಳಗೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಹಣೆಯ ಪಟ್ಟಿಯಂತೂ ಬೇಡವೇ ಬೇಡ. ಚಳಿಯೆಂದು ಬರೀ ಚಹಾದಲ್ಲೇ ದಿನ ತಳ್ಳಬಾರದು, ನೀರು ಕುಡಿಯಬೇಕು. ಬೆಳಿಗ್ಗೆ ಬಿಸಿನೀರಲ್ಲಿ ಹಿಂಡಿದ ಟವೆಲ್ಲನ್ನು ಹೆಗಲ ಮೇಲೆ ಹೊದ್ದು, ಮೈ ಬೆಚ್ಚಗಾದ ಮೇಲೆ, ಹೆಗಲನ್ನು ಹಿಂದಕ್ಕೆ ಉರುಳಿಸುವುದು, ಗದ್ದವನ್ನು ಮೆಲ್ಲಗೆ ಒಳಗೆಳೆದು ಬಿಡುವುದು, ನೋಯುವ ಮೊದಲೇ ನಿಲ್ಲಿಸುವುದು. ದ್ಯಾವಪ್ಪನವರು ಇದನ್ನೆಲ್ಲ ಮಹಡಿಯ ಮೇಲೆ ಎಳೆಬಿಸಿಲಿನಲ್ಲಿ, ಕೋಟು ಹಾಕಿಕೊಂಡೇ ಮಾಡುತ್ತಿದ್ದರು. ನಾನು ಬಟ್ಟೆ ಒಣಗಿಸುವ ನೆಪ ಮಾಡಿಕೊಂಡು ಹೋಗಿ ನೋಡುತ್ತಿದ್ದೆ, ಒಮ್ಮೊಮ್ಮೆ ಕದ್ದು ನಾನೂ ಹೆಗಲು ಉರುಳಿಸುತ್ತಿದ್ದೆ.

ಉಳಿದದ್ದು ಕಿರೀಟದ ಪ್ರಶ್ನೆ. ಅದನ್ನು ಹೇಗೆ ಕಟ್ಟುತ್ತೀರೆಂದು ಸಂಯುಕ್ತಾ ಕೇಳಿದಾಗ ಅವರು ತೋರಿಸಿದರು: ಉದ್ದನೆಯ ಪಟ್ಟಿಯನ್ನು ಕಣತಲೆಯ ಸುತ್ತ ಎಳೆದು, ಇಬ್ಬರು ಹಿಡಿದು ಬಿಗಿದು, ಕಿರೀಟ ಕೂದಲೆಳೆಯಷ್ಟೂ ಅಲುಗದಂತೆ ಮಾಡುವುದು, ಅಲುಗಿತೆಂದರೆ ವೇಷಕ್ಕೇ ಅವಮಾನವೆಂದು ಅವರಿಗೆ ಕಲಿಸಿದವರು ಹೇಳಿದ್ದರಂತೆ. ಸಂಯುಕ್ತಾ ಯೋಚನೆಗೆ ಬಿದ್ದಳು. ಬಾಗಿಲಲ್ಲಿ ನಿಂತಿದ್ದ ಗದಿಗೆಮ್ಮ ಒಳಗೆ ಹೋಗಿ ಹಳೆಯ ಸೀರೆಯ ತುಂಡು ತಂದು, ತಿರುಚಿ ಸುತ್ತಿ ಸಿಂಬಿ ಮಾಡಿ, ಅದನ್ನು ಗಂಡನ ನೆತ್ತಿಯ ಮೇಲಿಟ್ಟಳು. “ಹೊಳಿಯಿಂದ ಕೊಡದ ಮ್ಯಾಲ ಕೊಡ ಹೊತ್ಕೊಂಡ ಬರತಿದ್ವಿ. ಯಾರರ ಕರದ್ರ ಹೊಳ್ಳಿ ಮಾತಾಡತಿದ್ವಿ. ತಲಿಗೆ ಏನೂ ಬಿಗೀತಿದ್ದಿಲ್ಲ” ಎಂದಳು. ಸಂಯುಕ್ತಾ ಚಪ್ಪಾಳೆ ತಟ್ಟಿ, ಆ ಸಿಂಬಿಯನ್ನು ಕಿರೀಟದೊಳಗೆ ಹೊಲಿಸುವುದೆಂದೂ, ಭಾರವೆಲ್ಲ ನೆತ್ತಿಯ ಮೇಲೆ ನೇರ ಕೂರುವುದೆಂದೂ, ಗದ್ದದ ಕೆಳಗೆ ಮೆತ್ತನೆಯ ಪಟ್ಟಿಯೊಂದು ಸಾಕೆಂದೂ ಅಲ್ಲೇ ತೀರ್ಮಾನಿಸಿದಳು. ಮೊದಮೊದಲು ಚೂರು ಹೊತ್ತು, ಆಮೇಲೆ ಇನ್ನಷ್ಟು ಹೊತ್ತು, ಹೀಗೆ ಮಹಡಿಯ ಮೇಲೆ ಕಿರೀಟ ಹೊತ್ತ ಅಭ್ಯಾಸ ಶುರುವಾಯಿತು. ಪಕ್ಕದ ಕಟ್ಟಡದ ಮಕ್ಕಳಿಗೆ ಬಿಟ್ಟಿ ಮನರಂಜನೆ.

ಡಿಸೆಂಬರಿನ ನಡುವಿಗೆ ಬರುವಾಗ ಆ ಕೊರಡಿನಂಥ ಕತ್ತು ಸಡಿಲವಾಗತೊಡಗಿತ್ತು. ಮುಖದ ಮೇಲಿನ ಗಂಟೂ ಬಿಚ್ಚಿತ್ತು, ಮುಲಾಮಿನ ವಾಸನೆ ಕರಗಿತ್ತು, ಮನುಷ್ಯ ಹರಟೆಗೆ ನಿಲ್ಲುತ್ತಿದ್ದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಎಳ್ಳುಂಡೆಗೆ ಈಗಲೇ ಬೆಲ್ಲ ತರಿಸೋಣವೆನ್ನಿಸಿತ್ತು. ಆಗ ಬಂತು ನೋಡಿ ವಿಘ್ನ. ತಾಲೀಮಿನಲ್ಲಿ ಅರಸರು ಆಸ್ಥಾನಕ್ಕೆ ಬಂದು, ಮಂತ್ರಿಯ ಕಡೆ ಸುಲಭವಾಗಿ ಕತ್ತು ಹೊರಳಿಸಿ ಮಾತಾಡಿದರು. ಕೌಶಲ್ ತಲೆ ಕೆರೆದುಕೊಂಡ. “ಸರ್, ಬೇಜಾರು ಮಾಡ್ಕೋಬೇಡಿ. ಮೊದಲಿನ ಆ ಖದರ್ ಬರ್ತಿಲ್ಲ. ಪಕ್ಕದ ಮನೆ ಅಂಕಲ್ ಥರ ಕಾಣ್ತಿದ್ದೀರಿ.” ಪಾಪ, ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೂ ಅವನ ಕಿವಿ ಹಿಂಡಬೇಕೆನ್ನಿಸಿತು ನನಗೆ. ದ್ಯಾವಪ್ಪನವರ ಮುಖ ಚಿಕ್ಕದಾಯಿತು. ಕಿರೀಟ ಇಳಿಸಿಟ್ಟು ಮನೆಗೆ ಹೋದರು.

ಮರುದಿನ ನೋಡುತ್ತೇನೆ, ಹಣೆಗೆ ಮತ್ತೆ ಅದೇ ಪಟ್ಟಿ! ಹೆಗಲು ಮತ್ತೆ ಕಿವಿಗೇರಿದೆ, ನಡಿಗೆಗೆ ಮತ್ತೆ ಆ ಮೆರವಣಿಗೆಯ ಬಿಗು. ವಾರ ಕಳೆಯುವುದರೊಳಗೆ ಹಣೆ ಒತ್ತಿಕೊಳ್ಳುತ್ತ ಗೋಡೆ ಹಿಡಿದು ನಿಲ್ಲುವುದೂ ಮೊದಲಾಯಿತು. ಇದೇನು ಹುಚ್ಚು ನಿಮ್ಮದು ಎಂದು ನಾನು ಜಗಳಕ್ಕೇ ಹೋದೆ. ಅವರು ಇಡೀ ದೇಹ ತಿರುಗಿಸಿ ನನ್ನತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ನೋವಿದ್ರ ಇರವಲ್ದ್ಯಾಕ ಅಕ್ಕಾವ್ರ. ಕಾರ್ಖಾನಿ ಬಿಟ್ಟಮ್ಯಾಲ ನನಗಂತ ಉಳದಿದ್ದು ಅರಸನ ವೇಷ ಒಂದ. ಅದೂ ಹೋತಂದ್ರ ನಾ ಯಾರು?” ಆ ಪ್ರಶ್ನೆಗೆ ಹೇಳಿಕೊಡುವ ಮಾತು ನನ್ನ ಬಳಿ ಇರಲಿಲ್ಲ, ಕಣ್ಣು ಮಾತ್ರ ತುಂಬಿಬಂತು.

ಗದಿಗೆಮ್ಮನ ಬಳಿ ಇತ್ತು, ಆದರೆ ಅದು ಇನ್ನೂ ಕಠಿಣ. “ಆಡ್ರಿ. ಬ್ಯಾಡನ್ನಾಂಗಿಲ್ಲ. ನಾ ಬರಾಂಗಿಲ್ಲ ಅಂದೀನಿ, ಬರಾಂಗಿಲ್ಲ. ಆಟ ಮುಗದ ಮ್ಯಾಲ ಚಪ್ಪಾಳಿ ಹೊಡದವರು ಮನಿಗೆ ಹೋದ್ರು; ನಿಮ್ಮ ತಲಿ ಹಿಡಕೊಂಡ ಕುಂತಾಕಿ ನಾನು” ಎಂದು ಹೇಳಿ ರೊಟ್ಟಿ ಬಡಿಯಲು ಕೂತಳು. ರೊಟ್ಟಿಯ ಸದ್ದು ಎಂದಿಗಿಂತ ಜೋರಾಗಿತ್ತು.

ದಾರಿ ತೋರಿಸಿದ್ದು ನಮ್ಮ ಆಟದ ಮಗಳು ಸಿಂಚನಾ. ಬೆಂಗಳೂರಿನ ಹುಡುಗಿ, ಅವಳದೂ ಮಾದಾಪುರದ ನೌಕರಿ. ಒಂದು ಭಾನುವಾರ ಅವಳು ದ್ಯಾವಪ್ಪನವರ ಮನೆಯ ಟಿವಿಗೆ ತನ್ನ ಫೋನು ಜೋಡಿಸಿ, ಕಳೆದ ವರ್ಷದ ಆಟದ ವಿಡಿಯೋ ಹಾಕಿದಳು. ಆ ಹಳೆಯ ಖದರು ಹೇಗಿತ್ತೆಂದು ತಾನೂ ಇನ್ನೊಮ್ಮೆ ನೋಡಬೇಕೆಂಬುದು ಅವಳ ಆಸೆ. ನಾವೆಲ್ಲ ಎಷ್ಟೋ ಸಲ ನೋಡಿದ್ದೆವು. ಕತ್ತಲೆ ಕೋಣೆಯಲ್ಲಿ ಮಲಗಿದ್ದ ದ್ಯಾವಪ್ಪನವರು ಮಾತ್ರ ನೋಡಿರಲೇ ಇಲ್ಲ, ಆಮೇಲೆ ಮನಸ್ಸೂ ಮಾಡಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ತಮ್ಮನ್ನು ತಾವು ಮೊದಲ ಸಲ ನೋಡಿದರು.

ಸಿಂಹಾಸನದಲ್ಲಿ ವಜ್ರಸೇನ. ಹಣೆಯ ಮೇಲೆ ನರ ಎದ್ದು ನಿಂತಿತ್ತು, ದವಡೆ ಕಲ್ಲಾಗಿತ್ತು, ಕತ್ತಿಯ ಹಿಡಿಯ ಮೇಲಿನ ಬೆರಳು ಬಿಳಿಚಿಕೊಂಡಿದ್ದವು. ಇಷ್ಟು ವರ್ಷ ನಾನು ಗಾಂಭೀರ್ಯವೆಂದು ನೋಡಿದ್ದು ಇದನ್ನೇ. “ಕಾಕಾ, ಇವ್ರು ಅರಸನಂಗ ಕಾಣಾಕತ್ತಿಲ್ಲ, ಹಲ್ಲುಬ್ಯಾನಿ ಆದವರಂಗ ಕಾಣಾಕತ್ತಾರ” ಎಂದಳು ಸಂಯುಕ್ತಾ, ಆದರೆ ಅವಳ ದನಿಯಲ್ಲೂ ತಮಾಷೆ ಅಷ್ಟಾಗಿ ಇರಲಿಲ್ಲ. ಕೊನೆಯ ದೃಶ್ಯ ಬಂತು. ಅಡವಿಯಿಂದ ಮರಳಿದ ಮಗಳು ರಂಗದ ಎಡದಿಂದ ಬಂದಳು, ಕೈಮುಗಿದು ನಿಂತಳು. ಅರಸ ನೆಟ್ಟಗೆ ಎದುರಿಗೇ ನೋಡುತ್ತಿದ್ದ. ಮಗಳು ಕಾದಳು, ಕಾದು ಕಾದು ಸುತ್ತಿಕೊಂಡು ಅವನ ಕಣ್ಣೆದುರಿಗೆ ಬಂದಳು, ಆಮೇಲೆ ಅವನು ಮಾತಾಡಿದ.

“ಹುಡುಗಿ ಎಷ್ಟೊತ್ತು ನಿಂತಾಳಲ್ರಿ ಅಲ್ಲೆ” ಎಂದರು ದ್ಯಾವಪ್ಪನವರು ಮೆಲ್ಲಗೆ. ಆಮೇಲೆ ಚಿತ್ರದ ಅಂಚಿಗೆ ಬೆರಳು ತೋರಿಸಿದರು. ಅಲ್ಲಿ, ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿರುವಾಗ, ಒಬ್ಬಾಕೆ ಮಾತ್ರ ಥರ್ಮಾಸು ಅವಚಿಕೊಂಡು ಎದ್ದು ನಿಂತಿದ್ದಳು. “ಇಕಿ ಯಾಕ ಎದ್ದು ನಿಂತಾಳ?”

ಗದಿಗೆಮ್ಮ ಅಡುಗೆಮನೆಯ ಬಾಗಿಲಿಂದಲೇ ಹೇಳಿದಳು. “ನಿಮಗ ತ್ರಾಸ ಆಗಾಕತ್ತಿತ್ತು, ನನಗ ಗೊತ್ತಾತು. ನೀವು ಒಮ್ಮೆ ಈ ಕಡೆ ನೋಡಿದ್ರ, ಸಾಕು ಬರ್ರಿ ಅಂತ ಕೈಸನ್ನಿ ಮಾಡೂನು ಅಂತ ನಿಂತಿದ್ದೆ. ನೀವು ನೋಡಲೇ ಇಲ್ಲ.”

“ಹೊಳ್ಳಿ ನೋಡಾಕ ಬರತಿದ್ದಿಲ್ಲ” ಎಂದರು ಅವರು. ಅಷ್ಟು ಮಾತಾಡಿ, ಕೈ ಎತ್ತಿ, ಹಣೆಯ ಪಟ್ಟಿಯ ಗಂಟನ್ನು ತಡಕಿದರು. ಬಿಗಿಯಾಗಿದ್ದರಿಂದ ಬಿಚ್ಚಲು ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಬಿಚ್ಚಿದ ಪಟ್ಟಿಯನ್ನು ಮಡಚಿ ಕಿಟಕಿಯಲ್ಲಿಟ್ಟರು. ಸಂಜೆಯಿಂದಲೇ ಬಿಸಿ ಟವೆಲ್ಲು, ಹೆಗಲಿನ ಅಭ್ಯಾಸ ಮತ್ತೆ ಶುರುವಾದವು. ಸಿಂಬಿಯ ಕಿರೀಟ ಮತ್ತೆ ಮಹಡಿ ಹತ್ತಿತು.

ಸಂಕ್ರಾಂತಿಯ ಭಾನುವಾರ ಬಂದೇಬಿಟ್ಟಿತು. ಆ ಸಂಜೆ ಚಳಿ ಯಾವ ವರ್ಷವೂ ಇಲ್ಲದಷ್ಟು ಎಂದು ಎಲ್ಲರೂ ಅಂದರು, ಪ್ರತಿವರ್ಷವೂ ಹಾಗೇ ಅನ್ನುತ್ತೇವೆ. ವೇಷದ ಕೋಣೆಯಲ್ಲಿ ಸಂಯುಕ್ತಾ ಅರಸರ ಹೆಗಲ ಮೇಲೆ ಬಿಸಿನೀರ ಚೀಲವಿಟ್ಟು, ರಂಗಕ್ಕೆ ಕರೆ ಬರುವವರೆಗೂ ಕತ್ತಿಗೆ ಮಫ್ಲರು ಸಡಿಲವಾಗಿ ಹೊದಿಸಿ ಕಾವಲು ಕೂತಳು. ಹೊರಡುವ ಮೊದಲು ದ್ಯಾವಪ್ಪನವರು ಹೆಂಡತಿಯನ್ನು ಬರುತ್ತೀಯಲ್ಲ ಎಂದು ಕೇಳಿದ್ದರಂತೆ, ಆಕೆ “ನೋಡೂಣು” ಎಂದಷ್ಟೇ ಅಂದಿದ್ದಳಂತೆ. ಮದ್ದಳೆ ಬಿತ್ತು, ಪರದೆ ಸರಿಯಿತು. ನಾನು ನನ್ನ ಸಂದಿಯಲ್ಲಿ ನಿಂತು ಕೆಳಗೆ ನೋಡಿದೆ. ಚಾಪೆಯ ತುದಿ ಖಾಲಿ.

ಆಟ ಮುಂದುವರಿದಂತೆಲ್ಲ ನನ್ನ ಒಂದು ಕಣ್ಣು ಆ ಖಾಲಿ ಜಾಗದ ಮೇಲೇ. ಅರಸರು ಚೆನ್ನಾಗಿ ಕುಣಿದರು, ಮಂತ್ರಿಯನ್ನು ಗದರಿದರು, ಮಗಳನ್ನು ಅಡವಿಗಟ್ಟುವಾಗ ದನಿಯಲ್ಲಿ ಗುಡುಗಿತ್ತು. ಕಿರೀಟ ಸ್ವಲ್ಪ ಸ್ವಲ್ಪ ಅಲುಗುತ್ತಿತ್ತು, ಅಲುಗಿದಾಗಲೆಲ್ಲ ಕನ್ನಡಿ ಚೂರುಗಳ ಬೆಳಕು ಜನರ ಮುಖದ ಮೇಲೆ ಓಡಾಡುತ್ತಿತ್ತು. ಮಕ್ಕಳು ಅದನ್ನು ಹಿಡಿಯಲು ಕೈ ಚಾಚುತ್ತಿದ್ದರು. ಆದರೂ ನನ್ನ ಜೀವ ನಿಲ್ಲಲಿಲ್ಲ. ಇಷ್ಟೆಲ್ಲ ಮಾಡಿ ಆಕೆ ಬಾರದೆ ಹೋದರೆ ಈ ಮನುಷ್ಯ ಬಿಚ್ಚಿಯೂ ಏನು ಬಂತೆಂದು ಮತ್ತೆ ಆ ಪಟ್ಟಿ ಕಟ್ಟಿಕೊಳ್ಳುತ್ತಾನಲ್ಲಾ ಶಿವನೇ ಎಂದು ಒಳಗೇ ಬೇಯುತ್ತಿದ್ದೆ. ಕೊನೆಯ ದೃಶ್ಯಕ್ಕೆ ಸಿಂಚನಾ ನನ್ನ ಪಕ್ಕದಿಂದಲೇ ರಂಗಕ್ಕೆ ಹೋದಳು, ಎಡದಲ್ಲಿ ಕೈಮುಗಿದು ನಿಂತಳು. ಅದೇ ಹೊತ್ತಿಗೆ ನನ್ನ ಕಾಲಬುಡದಲ್ಲಿ ಶುಂಠಿಯ ವಾಸನೆ ಬಂತು. ಬಗ್ಗಿ ನೋಡಿದರೆ ಗದಿಗೆಮ್ಮ, ಮನೆಯಲ್ಲಿ ಕೂರಲಾಗದೆ ಓಡಿಬಂದವಳಂತೆ ಏದುಸಿರು ಬಿಡುತ್ತ, ಕೆಂಪು ಶಾಲು ಹೊದ್ದು, ಜಾಗ ಖಾಲಿಯಿದ್ದರೂ ಕೂರದೆ ನಿಂತಿದ್ದಾಳೆ.

ವಜ್ರಸೇನ ಎದುರಿಗೆ ನೋಡುತ್ತಿದ್ದ. ಮದ್ದಳೆ ನಿಂತಿತು. ಆಗ ಅರಸರು ಎದ್ದರು, ಕಾಲು ಸರಿಸಲಿಲ್ಲ, ಸೊಂಟ ತಿರುಗಿಸಲಿಲ್ಲ. ಕತ್ತನ್ನು ಮಾತ್ರ, ಮೆಲ್ಲಗೆ, ಎಡಕ್ಕೆ ಹೊರಳಿಸಿ ಮಗಳನ್ನು ನೋಡಿದರು. ತಂದೆಯೊಬ್ಬ ಮಗಳನ್ನು ಹೊರಳಿ ನೋಡಿದ, ಅಷ್ಟೇ ಆದದ್ದು, ಆದರೂ ನನಗೆ ಇಷ್ಟು ವರ್ಷ ಆಡಿದ ಆಟ ಇವತ್ತು ಮೊದಲ ಸಲ ಅರ್ಥವಾದ ಹಾಗಾಯಿತು. ಆ ನೋಟ ಸಿಂಚನಾಳನ್ನು ದಾಟಿ, ನನ್ನನ್ನು ದಾಟಿ, ಕೆಂಪು ಶಾಲಿನ ಮೇಲೆ ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಅರಸರು ಮಾತು ಮರೆತರು.

ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಎತ್ತಿಕೊಡುವುದೇ ನನ್ನ ಕೆಲಸ, ಆದರೆ ನಾನು ಬಾಯಿ ತೆರೆಯಲಿಲ್ಲ. ಗದಿಗೆಮ್ಮ ಕೈ ಎತ್ತಿದಳು. ಹೋದ ವರ್ಷದಿಂದ ಆ ಕೈ ಒಂದು ಸನ್ನೆಗೆ ಕಾದಿತ್ತು. ಈಗ ಅಂಗೈಯನ್ನು ಮುಂದಕ್ಕೆ ಬೀಸಿ, ನಡೀಲಿ, ಆಡ್ರಿ ಎಂಬಂತೆ ಸನ್ನೆ ಮಾಡಿದಳು. ದ್ಯಾವಪ್ಪನವರ ದವಡೆ ಸಡಿಲವಾಯಿತು. “ಬಂದೆಯಾ ಮಗಳೇ” ಎಂದರು. ಅದು ಅರಸನ ದನಿಯೇ, ಯಾವ ವರ್ಷವೂ ಕೇಳಿರದ ಅರಸನ ದನಿ. ಕೌಶಲ್ ಮಂತ್ರಿಯ ವೇಷದಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ, ಮುಖದ ಬಣ್ಣವೆಲ್ಲ ಕಲಸಿಹೋಯಿತು.

ಆಟ ಮುಗಿದು ಬಣ್ಣ ತೊಳೆಯುವಾಗ ನಾವೆಲ್ಲ ಆ ಹಳೆಯ ಪ್ರಶ್ನೆಗೆ ಕಿವಿ ನಿಮಿರಿಸಿ ಕಾದೆವು. ಅವರು ಮುಖ ಒರೆಸಿಕೊಂಡು, ಪಕ್ಕದಲ್ಲಿ ಚಹಾ ಬಗ್ಗಿಸುತ್ತಿದ್ದ ಹೆಂಡತಿಯ ಕಡೆ ಕತ್ತು ಹೊರಳಿಸಿ, “ಕುಂದರಾಕ ಜಾಗಾ ಸಿಗಲಿಲ್ಲೇನು? ನಿಂತ ಇದ್ದ್ಯಲ್ಲ, ಕಾಲು ನೋಯಲಿಲ್ಲ?” ಎಂದರು. ಗದಿಗೆಮ್ಮ ಲೋಟ ಕೈಗಿಟ್ಟು ಬೇರೆ ಕಡೆ ತಿರುಗಿದಳು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ, ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನೀಲಿ ಕೋಟು ರಸ್ತೆಯಲ್ಲಿ ಹೋಗುತ್ತಿತ್ತು. ತಲೆನೋವು ಬಂದಿದೆಯೋ ಇಲ್ಲವೋ ಎಂಬ ಆತಂಕದಲ್ಲಿ ನಾನು ಹಿಂದಿನಿಂದ ಕೂಗಿದೆ. ಅವರು ನಿಲ್ಲಲಿಲ್ಲ, ನಡೆಯುತ್ತಲೇ ಕತ್ತು ಹೊರಳಿಸಿ, “ಆರಾಮ ಅದೀನ್ರಿ ಅಕ್ಕಾವ್ರ, ಹಾಲು ತರಾಕ ಹೊಂಟೀನಿ” ಎಂದು ನಕ್ಕು ಮುಂದೆ ಹೋದರು. ತರಕಾರಿ ಗಾಡಿಯವನು ದಾರಿ ಬಿಡಿಸುವುದನ್ನು ಮರೆತು ಬಾಯಿ ತೆರೆದುಕೊಂಡು ನಿಂತಿದ್ದ.

ಇಂಥವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಹಲ್ಲು ಕಚ್ಚಿ ಸಹಿಸಿದ್ದನ್ನೇ ತಮ್ಮ ನಿಲುವೆಂದು ನಂಬಿಕೊಂಡು, ಸುತ್ತಲಿನ ನಾವು ಮೆಚ್ಚಿ ಮೆಚ್ಚಿ ಅದಕ್ಕೊಂದು ದೊಡ್ಡ ಹೆಸರಿಟ್ಟ ಮೇಲೆ ಸಡಿಲಿಸಲು ಹೆದರಿಕೊಂಡು, ಮನೆಯಲ್ಲೂ ಬೀದಿಯಲ್ಲೂ ಕಚೇರಿಯಲ್ಲೂ ಕಾಣದ ಕಿರೀಟವೊಂದನ್ನು ಬಿಗಿದುಕೊಂಡೇ ಓಡಾಡುತ್ತಾರೆ. ಅವರಿಗೆ ಬುದ್ಧಿ ಹೇಳಿದರೆ ನಾಟುವುದಿಲ್ಲ, ಬೈದರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ತಾವು ನೋಡದ ಕಡೆಯಲ್ಲಿ ಒಬ್ಬರು, ಬಿಸಿ ಚಹಾ ಹಿಡಿದುಕೊಂಡು, ತಮ್ಮ ಒಂದು ನೋಟಕ್ಕಾಗಿ ಎದ್ದು ನಿಂತಿದ್ದಾರೆಂದು ತಿಳಿದ ದಿನ ಮಾತ್ರ ಅವರು ತಾವೇ ಕೈ ಎತ್ತಿ ಗಂಟು ಬಿಚ್ಚುತ್ತಾರೆ, ಮೆಲ್ಲಗೆ ಹೊರಳಿ ನೋಡುತ್ತಾರೆ.